ಸಾಲದ ಲೆಕ್ಕದಲ್ಲಿ ಬಿಟ್ಟುಹೋದ ಒಂದು ಪದ

ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ಸಾಲದ ಲೆಕ್ಕವನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ಎರಡು ಅನುಮಾನಗಳು ಬರುವುದು ಸಹಜ. ಒಂದು, ಈತನಿಗೆ ಸಾಲ ಹೆಚ್ಚಾಗಿರಬೇಕು; ಇನ್ನೊಂದು, ಈತನಿಗೆ ಲೆಕ್ಕ ಬಾರದು. ಮೊದಲನೆಯದು ಈಗ ನಿಜವಲ್ಲ. ಎರಡನೆಯದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಲದ ಲೆಕ್ಕದಲ್ಲಿ ಅಂಕಿಗಳಷ್ಟೇ ಮುಖ್ಯವಾದ ಕೆಲಸವನ್ನು ಪದಗಳೂ ಮಾಡುತ್ತವೆ. ಪದವೊಂದು ಬಿಟ್ಟುಹೋದರೆ ಅಂಕಿಗಳು ಎಷ್ಟೇ ಸರಿಯಾಗಿದ್ದರೂ ಲೆಕ್ಕ ಸುಳ್ಳಾಗುತ್ತದೆ. ಹಾಗೆ ಒಂದು ಪದವನ್ನು ಬಿಟ್ಟವನು ನಾನೇ ಆದದ್ದರಿಂದ ಈ ವಿಷಯದಲ್ಲಿ ಮಾತನಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಲೆಕ್ಕಕ್ಕೂ ಭಾಷೆಗೂ ನಂಟು ಹೊಸದೇನಲ್ಲ. 'ಋಣ' ಎಂಬ ಮಾತನ್ನೇ ತೆಗೆದುಕೊಳ್ಳಿ. ಅದಕ್ಕೆ ಸಾಲವೆಂದೂ ಅರ್ಥ, ಗಣಿತದಲ್ಲಿ ಸೊನ್ನೆಗಿಂತ ಕೆಳಗಿನ ಸಂಖ್ಯೆಯೆಂದೂ ಅರ್ಥ. 628 ರಲ್ಲಿ ಬ್ರಹ್ಮಗುಪ್ತನು ತನ್ನ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಕೂಡುವ ಕಳೆಯುವ ನಿಯಮಗಳನ್ನು ಹೇಳುವಾಗ ಧನ, ಋಣ ಎಂಬ ಈ ಮಾತುಗಳನ್ನೇ ಬಳಸಿದ. ನೃಪತುಂಗನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಅಸಲು, ಕಾಲ, ಬಡ್ಡಿ ಇವುಗಳಲ್ಲಿ ತಿಳಿಯದಿರುವುದನ್ನು ಕಂಡುಹಿಡಿಯುವ ಸಮಸ್ಯೆಗಳಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ಗಣಿತವನ್ನು ಕನ್ನಡಕ್ಕೇ ತಂದು 'ವ್ಯವಹಾರಗಣಿತ'ವೆಂದು ಹೆಸರಿಟ್ಟ. ಗಣಿತಕ್ಕೆ 'ವ್ಯವಹಾರ' ಎಂಬ ವಿಶೇಷಣವನ್ನು ಸೇರಿಸಿದ ಆ ಕವಿಯ ವಿವೇಕವನ್ನು ನಾನು ಹಲವು ವರ್ಷ ತರಗತಿಯಲ್ಲಿ ಹೊಗಳಿದ್ದೆ. ಅದರ ಅರ್ಥ ಮಾತ್ರ ನನಗೆ ಆದದ್ದು ಇತ್ತೀಚೆಗೆ.

ನಡೆದದ್ದು ಹೀಗೆ. 2020 ರಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿದ್ದ ದಿನಗಳಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನನ್ನ ಮಗಳು ಶಿವಮೊಗ್ಗದ ನಮ್ಮ ಮನೆಗೆ ಬಂದು ನಾಲ್ಕು ತಿಂಗಳು ಇದ್ದಳು. ಆಗ ನಮ್ಮ ಬಳಗದಲ್ಲಿ ಅನೇಕರಿಗೆ ಸಂಬಳ ಅರ್ಧವಾಗಿತ್ತು. ಕೆಲವರಿಗೆ ಅದೂ ಇರಲಿಲ್ಲ. ಇರುವ ಹಣದಲ್ಲಿ ಮನೆ ನಡೆಸಿ ಸಾಲದ ಕಂತು ಕಟ್ಟುವುದು ಹೇಗೆ ಎಂಬ ಪ್ರಶ್ನೆ ದಿನಕ್ಕೊಬ್ಬರ ಬಾಯಿಂದ ದೂರವಾಣಿಯಲ್ಲಿ ಕೇಳಿಬರುತ್ತಿತ್ತು. ಮಗಳು ಅಂತರ್ಜಾಲದಲ್ಲಿ ಎಲ್ಲರೂ ತೆರೆದು ನೋಡಬಹುದಾದ ಒಂದು ಲೆಕ್ಕಪಟ್ಟಿಯನ್ನು ಸಿದ್ಧಮಾಡಿದಳು. ಅದರಲ್ಲಿ ಖಾಲಿ ಚೌಕಗಳಿದ್ದವು. ಒಂದು ಕಡೆ ತಿಂಗಳ ಆದಾಯ, ಅಕ್ಕಿ ಬೇಳೆ, ಬಾಡಿಗೆ, ಔಷಧಿ, ವಿದ್ಯುತ್ತು. ಇನ್ನೊಂದು ಕಡೆ ಇರುವ ಸಾಲಗಳು, ಒಂದೊಂದರ ಉಳಿದ ಅಸಲು, ಬಡ್ಡಿ, ಕಂತು. ಇವನ್ನು ತುಂಬಿದರೆ ತಿಂಗಳ ಕೊನೆಗೆ ಎಷ್ಟು ಮಿಗುತ್ತದೆ, ಮಿಕ್ಕ ಹಣವನ್ನು ಯಾವ ಸಾಲಕ್ಕೆ ಮೊದಲು ಹಾಕಬೇಕು, ಎಲ್ಲ ತೀರುವುದು ಯಾವ ವರ್ಷ ಯಾವ ತಿಂಗಳು ಎಂಬುದನ್ನು ಅದು ಕ್ಷಣಮಾತ್ರದಲ್ಲಿ ಹೇಳುತ್ತಿತ್ತು.

ಗಣಿತ ಅವಳದು, ಕನ್ನಡ ನನ್ನದು. ಪ್ರತಿ ಚೌಕದ ಮೇಲೂ ಏನು ಬರೆಯಬೇಕೆಂದು ಅವಳು ನನ್ನನ್ನು ಕೇಳಿದಳು. ನಾನು ನಿಘಂಟನ್ನು ತೆಗೆದಿಟ್ಟುಕೊಂಡು, ಚಿಕ್ಕ ಚೊಕ್ಕ ಪದಗಳನ್ನು ಹುಡುಕಿ ಕೊಟ್ಟೆ. 'ಅಸಲು', 'ಕಂತು', 'ಬಡ್ಡಿ ದರ', 'ಮಿಗತೆ'. ಅನಗತ್ಯವಾದ ಒಂದು ಅಕ್ಷರವೂ ಇರಕೂಡದೆಂಬುದು ನನ್ನ ಹಟ. ಆ ಪಟ್ಟಿ ನಮ್ಮ ನಿರೀಕ್ಷೆಗೆ ಮೀರಿ ಹರಡಿತು. ಹಳೆಯ ವಿದ್ಯಾರ್ಥಿಗಳು, ಸಹೋದ್ಯೋಗಿಗಳು, ಅವರ ನೆಂಟರು ಎಲ್ಲರೂ ಬಳಸತೊಡಗಿದರು. ಒಳ್ಳೆಯ ಕನ್ನಡದಲ್ಲಿದೆ ಎಂದು ಒಬ್ಬಿಬ್ಬರು ಹೊಗಳಿದರು. ನಾನು ಹಿಗ್ಗಿದೆ. ಅನಂತರ ಮಗಳು ಬೆಂಗಳೂರಿಗೆ ಹಿಂದಿರುಗಿದಳು. ಪಟ್ಟಿ ಇದ್ದಲ್ಲೇ ಇತ್ತು. ಇದ್ದಲ್ಲೇ ಇದ್ದದ್ದೇ ಅದರ ತಪ್ಪಾಯಿತು.

2023 ರ ಮಾರ್ಚಿನಲ್ಲಿ, ಯುಗಾದಿಗೆ ಕೆಲವು ದಿನ ಮುಂಚೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದರು. ಈಗ ಅವರೂ ಉಪನ್ಯಾಸಕರು, ವಯಸ್ಸು ನಲವತ್ತನಾಲ್ಕು. ಎರಡು ವರ್ಷದ ಹಿಂದೆ ಮನೆ ಕಟ್ಟಲು 30 ಲಕ್ಷ ರೂಪಾಯಿ ಸಾಲ ಪಡೆದಿದ್ದರು. "ಗುರುಗಳೇ, ನಿಮ್ಮ ಪಟ್ಟಿ ಇನ್ನು 216 ಕಂತು ಎನ್ನುತ್ತದೆ. ಬ್ಯಾಂಕಿನ ಕಾಗದದಲ್ಲಿ ಬೇರೆಯೇ ಸಂಖ್ಯೆ ಇದೆ, ಅದು ಬಹಳ ದೊಡ್ಡದು. ಯಾವುದನ್ನು ನಂಬಲಿ?" ಎಂದು ಕೇಳಿದರು. ನಾನು ಸಹಜವಾಗಿಯೇ ಮಗಳ ಪಟ್ಟಿಯ ಪರ ವಹಿಸಿದೆ. ಸರಿಯಾಗಿದ್ದದ್ದು ಬ್ಯಾಂಕಿನ ಕಾಗದ.

ಇದನ್ನು ತಿಳಿಯಬೇಕಾದರೆ ಕಂತಿನ ಸಾಲದ ಒಳಗುಟ್ಟನ್ನು ಸ್ವಲ್ಪ ನೋಡಬೇಕು. 30 ಲಕ್ಷ ರೂಪಾಯಿ, ಶೇಕಡಾ 7 ರ ಬಡ್ಡಿ, ಇಪ್ಪತ್ತು ವರ್ಷದ ಅವಧಿ. ಎಂದರೆ 240 ಕಂತುಗಳು. ಆಗ ತಿಂಗಳ ಕಂತು 23,259 ರೂಪಾಯಿ. ಮೊದಲ ತಿಂಗಳು ಪೂರ್ತಿ 30 ಲಕ್ಷಕ್ಕೆ ಬಡ್ಡಿ ಬೀಳುತ್ತದೆ: ವರ್ಷಕ್ಕೆ 2,10,000, ಅದರ ಹನ್ನೆರಡನೆಯ ಒಂದು ಭಾಗ 17,500. ಕಂತಿನಲ್ಲಿ ಇದನ್ನು ಕಳೆದರೆ ಅಸಲಿಗೆ ಸಲ್ಲುವುದು 5,759 ರೂಪಾಯಿ ಮಾತ್ರ. ಎರಡನೆಯ ತಿಂಗಳು ಅಸಲು ಅಷ್ಟು ಕಡಿಮೆಯಾಗಿರುವುದರಿಂದ ಬಡ್ಡಿ 17,466 ಕ್ಕೆ ಇಳಿಯುತ್ತದೆ. ಅಸಲಿಗೆ ಹೋಗುವ ಪಾಲು ಅಷ್ಟೇ ಏರುತ್ತದೆ. ಕಂತು ಮಾತ್ರ ಅದೇ. ನೀರಿನ ಕೊಡವನ್ನು ಇಬ್ಬರು ಹೊತ್ತ ಹಾಗೆ, ಮೊದಮೊದಲು ಭಾರವೆಲ್ಲ ಬಡ್ಡಿಯ ಕಡೆಗೆ. ಬರಬರುತ್ತ ಅಸಲಿನ ಕಡೆಗೆ. ಎರಡು ವರ್ಷ ತಪ್ಪದೆ ಕಟ್ಟಿದವನು ಐದೂವರೆ ಲಕ್ಷಕ್ಕೂ ಮಿಕ್ಕಿ ಕೊಟ್ಟಿರುತ್ತಾನೆ. ಆದರೆ ಅವನ ಅಸಲು ಒಂದೂವರೆ ಲಕ್ಷವೂ ಇಳಿದಿರುವುದಿಲ್ಲ. ಸುಮಾರು 28,52,000 ರೂಪಾಯಿ ಇನ್ನೂ ಉಳಿದಿರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಲೆಕ್ಕದ ಸ್ವಭಾವವೇ ಹಾಗೆ.

ಇಷ್ಟನ್ನು ನಮ್ಮ ಪಟ್ಟಿ ಸರಿಯಾಗಿಯೇ ಮಾಡುತ್ತಿತ್ತು. ಅದು ತಿಳಿಯದೆ ಹೋದದ್ದು, ಈ ಶೇಕಡಾ 7 ಎಂಬುದು ಕಲ್ಲಿನಲ್ಲಿ ಕೆತ್ತಿದ ಶಾಸನವಲ್ಲ ಎಂಬ ಮಾತನ್ನು. 2019 ರ ಅಕ್ಟೋಬರ್ 1 ರಿಂದ ಬ್ಯಾಂಕುಗಳು ಕೊಡುವ ಬದಲಾಗುವ ದರದ ಹೊಸ ಮನೆಸಾಲಗಳನ್ನು ಹೊರಗಿನ ಒಂದು ಮಾನದಂಡಕ್ಕೆ ಕಟ್ಟಬೇಕೆಂದು ರಿಸರ್ವ್ ಬ್ಯಾಂಕು ನಿಯಮ ಮಾಡಿತು. ಬಹುಮಟ್ಟಿಗೆ ಆ ಮಾನದಂಡವೆಂದರೆ ರೆಪೋ ದರ, ಎಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಅಲ್ಪಕಾಲದ ಸಾಲ ಕೊಡುವಾಗ ಹಾಕುವ ಬಡ್ಡಿ. 2020 ರ ಮೇ ತಿಂಗಳಲ್ಲಿ ಅದು ಶೇಕಡಾ 4 ಕ್ಕೆ ಇಳಿದು ಎರಡು ವರ್ಷ ಅಲ್ಲಿಯೇ ನಿಂತಿತ್ತು. 2022 ರ ಮೇ 4 ರಂದು 4.40 ಆಯಿತು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ 2023 ರ ಫೆಬ್ರವರಿ 8 ರಂದು 6.50 ಕ್ಕೆ ಬಂದು ನಿಂತಿತು. ಒಂಬತ್ತೇ ತಿಂಗಳಲ್ಲಿ ಎರಡೂವರೆ ಅಂಶ. ಏಳರ ಸಾಲ ಒಂಬತ್ತೂವರೆಯ ಸಾಲವಾಯಿತು.

ಏಳು ಒಂಬತ್ತೂವರೆಯಾದರೆ ಏನು ಮಹಾ ಎಂದು ನನಗೂ ಅನ್ನಿಸಿತ್ತು. ಯುಗಾದಿಗೆ ಊರಿಗೆ ಬಂದ ಮಗಳು ಲೆಕ್ಕ ಮಾಡಿ ತೋರಿಸಿದಾಗ ಮಾತು ಹೊರಡಲಿಲ್ಲ. ಸರಳವಾಗಲೆಂದು, ಏರಿಕೆಯೆಲ್ಲ ಎರಡು ವರ್ಷ ತುಂಬಿದ ದಿನ ಒಮ್ಮೆಗೇ ಆಯಿತೆಂದು ಇಟ್ಟುಕೊಳ್ಳಿ. ಉಳಿದ 28,52,000 ಕ್ಕೆ ಒಂಬತ್ತೂವರೆಯಂತೆ ಒಂದು ತಿಂಗಳ ಬಡ್ಡಿ ಸುಮಾರು 22,580 ರೂಪಾಯಿ. ಕಂತು ಅದೇ 23,259. ಅಸಲಿಗೆ ಉಳಿಯುವುದು ಆರುನೂರ ಎಂಬತ್ತು ರೂಪಾಯಿಯ ಆಸುಪಾಸು! ಕಂತನ್ನು ಏರಿಸದೆ ಹೀಗೆಯೇ ಕಟ್ಟುತ್ತ ಹೋದರೆ ಇನ್ನು ಬೇಕಾಗುವುದು 216 ತಿಂಗಳಲ್ಲ, 448 ತಿಂಗಳು. ಮೂವತ್ತೇಳು ವರ್ಷ ನಾಲ್ಕು ತಿಂಗಳು. ನನ್ನ ವಿದ್ಯಾರ್ಥಿಗೆ ಆಗ ಎಂಬತ್ತೊಂದು ದಾಟಿರುತ್ತದೆ. ಬ್ಯಾಂಕುಗಳು ಸಾಮಾನ್ಯವಾಗಿ ಅಷ್ಟು ದೂರ ಎಳೆಯಲು ಬಿಡುವುದಿಲ್ಲ. ಒಂದು ಮಿತಿ ಮುಟ್ಟಿದ ಮೇಲೆ ಕಂತನ್ನೇ ಏರಿಸುತ್ತವೆ. ಆದರೆ ಆ ಮಿತಿ ಮುಟ್ಟುವವರೆಗೆ, ಕಂತು ಬದಲಾಗಿಲ್ಲವಲ್ಲ ಎಂದು ಸಾಲಗಾರ ನೆಮ್ಮದಿಯಿಂದ ನಿದ್ರೆ ಮಾಡುತ್ತಿರುತ್ತಾನೆ. ಇನ್ನೊಂದು ದಾರಿಯೂ ಇದೆ. ಮೊದಲಿನಂತೆ 216 ತಿಂಗಳಲ್ಲೇ ಮುಗಿಸಬೇಕೆಂದರೆ ಕಂತು 27,606 ರೂಪಾಯಿ ಆಗಬೇಕು. ತಿಂಗಳಿಗೆ 4,347 ರೂಪಾಯಿ ಹೆಚ್ಚು. ಕಷ್ಟವೇ. ಆದರೆ ಎರಡು ದಾರಿಗಳಲ್ಲಿ ಒಟ್ಟು ಕಟ್ಟುವ ಹಣದ ಅಂತರ ನಲವತ್ತನಾಲ್ಕು ಲಕ್ಷಕ್ಕೂ ಹೆಚ್ಚು. ಮೊದಲು ಪಡೆದ ಸಾಲಕ್ಕಿಂತ ದೊಡ್ಡ ಮೊತ್ತ ಅದು.

ಹೀಗಾಗಿ ಮೊದಲ ತಿದ್ದುಪಡಿ ಇದಾಯಿತು: ಬಡ್ಡಿಯ ದರವನ್ನು ಒಮ್ಮೆ ತುಂಬಿ ಮರೆಯುವ ಚೌಕದ ಬದಲು, ಯಾವ ದಿನದಿಂದ ಯಾವ ದರ ಎಂದು ಸಾಲುಸಾಲಾಗಿ ಬರೆಯುವ ಪಟ್ಟಿ. ಉತ್ತರವೂ ಒಂದಲ್ಲ, ಎರಡು. ಕಂತು ಹೀಗೇ ಇದ್ದರೆ ಇಷ್ಟು ತಿಂಗಳು. ತಿಂಗಳು ಇಷ್ಟೇ ಇರಬೇಕಾದರೆ ಇಂಥ ಕಂತು. ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿ ಆಯ್ಕೆಯನ್ನು ಮನುಷ್ಯನಿಗೆ ಬಿಡುವುದು. ನಾವು ಹೀಗೆ ತಿದ್ದಿದ ಕೆಲವು ತಿಂಗಳಲ್ಲಿ, 2023 ರ ಆಗಸ್ಟಿನಲ್ಲಿ, ರಿಸರ್ವ್ ಬ್ಯಾಂಕು ಸಾಲ ಕೊಡುವ ಸಂಸ್ಥೆಗಳಿಗೆ ಇದೇ ಧಾಟಿಯ ಸೂಚನೆ ಕೊಟ್ಟಿತು. ದರ ಬದಲಾದಾಗ ಸಾಲಗಾರನಿಗೆ ತಿಳಿಸಬೇಕು. ಕಂತನ್ನು ಏರಿಸುವುದೋ, ಅವಧಿಯನ್ನು ಹಿಗ್ಗಿಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂಬ ಆಯ್ಕೆ ಅವನಿಗಿರಬೇಕು. ಮೂರು ತಿಂಗಳಿಗೊಮ್ಮೆ ಉಳಿದ ಕಂತುಗಳೆಷ್ಟೆಂಬ ವಿವರ ಅವನ ಕೈಸೇರಬೇಕು. ದರ ಇಳಿದಾಗಲೂ ಈ ಎರಡು ಉತ್ತರಗಳು ಬೇಕು. 2025 ರ ಫೆಬ್ರವರಿಯಿಂದ ರೆಪೋ ದರ ಇಳಿಯತೊಡಗಿ ಅದೇ ಜೂನ್ ಹೊತ್ತಿಗೆ 5.50 ಆಯಿತು. ಆಗಲೂ ಅನೇಕರು, ನನ್ನ ಕಂತು ಇಳಿಯಲೇ ಇಲ್ಲವಲ್ಲ ಎಂದು ಬೇಸರಪಟ್ಟರು. ಕಂತು ಇಳಿಯದಿದ್ದರೂ ಒಳಗೆ ಅವಧಿ ಕುಗ್ಗುತ್ತಿರಬಹುದು. ಕಾಗದವನ್ನು ಓದಿದವರಿಗೆ ಅದು ತಿಳಿಯುತ್ತದೆ.

ಇಲ್ಲಿಯವರೆಗಿನದು ಅಂಕಿಯ ತಪ್ಪು. ಕಾಲ ಬದಲಾಯಿತು, ಪಟ್ಟಿ ಬದಲಾಗಲಿಲ್ಲ, ಅಷ್ಟೇ. ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಯುಗಾದಿಯ ದಿನ ಸಂಜೆ, ನಮ್ಮ ಕಾಲೇಜಿನಲ್ಲಿ ಅಟೆಂಡರಾಗಿದ್ದು ನನಗಿಂತ ಮೊದಲೇ ನಿವೃತ್ತರಾದ ಹಿರಿಯರೊಬ್ಬರು ಬೇವುಬೆಲ್ಲಕ್ಕೆಂದು ಬಂದರು. ಪ್ರತಿ ವರ್ಷವೂ ಬರುವ ವಾಡಿಕೆ. ಮಗಳು ಪಟ್ಟಿಯನ್ನು ತಿದ್ದುತ್ತ ಕುಳಿತಿದ್ದುದನ್ನು ಕಂಡು, "ಅಮ್ಮಾ, ನಿಮ್ಮ ಲೆಕ್ಕದ ಪ್ರಕಾರವೇ ಕಟ್ಟುತ್ತಿದ್ದೇನೆ. ಇಪ್ಪತ್ತು ತಿಂಗಳಾಯಿತು. ಒಂದು ತಿಂಗಳೂ ತಪ್ಪಿಸಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಅವರಿಗೆ ಎರಡು ಸಾಲಗಳಿದ್ದವು. ಮಗಳ ಮದುವೆಗಾಗಿ ಸಹಕಾರ ಸಂಘದಲ್ಲಿ ಪಡೆದದ್ದು ಒಂದೂವರೆ ಲಕ್ಷ. ಬಡ್ಡಿ ಶೇಕಡಾ 11. ಹೆಂಡತಿಯ ಶಸ್ತ್ರಚಿಕಿತ್ಸೆಗಾಗಿ ಪರಿಚಯದವರಿಂದ ಪಡೆದ ಕೈಸಾಲ ಎಂಬತ್ತು ಸಾವಿರ. ಎರಡು ರೂಪಾಯಿ ಬಡ್ಡಿ. ಅಸಲಿನಲ್ಲಿ ಭಾಗ ತೀರಿಸಿದರೆ ಉಳಿದದ್ದಕ್ಕೆ ಮಾತ್ರ ಬಡ್ಡಿಯೆಂಬ ಕರಾರು ಇತ್ತು. ಕಲ್ಯಾಣಮಂಟಪವೊಂದರಲ್ಲಿ ರಾತ್ರಿ ಕಾವಲಿಗೆ ಸೇರಿ ಸಂಪಾದಿಸಿದ್ದರಲ್ಲಿ ಎಲ್ಲ ಕಂತು, ಬಡ್ಡಿ ಕಟ್ಟಿದ ಮೇಲೂ ತಿಂಗಳಿಗೆ 3,000 ರೂಪಾಯಿ ಮಿಗಿಸುತ್ತಿದ್ದರು. ಅದನ್ನು ಯಾವ ಸಾಲಕ್ಕೆ ಹಾಕಬೇಕೆಂದು ಅವರ ಮೊಮ್ಮಗನ ಕೈಯಲ್ಲಿ ನಮ್ಮ ಪಟ್ಟಿಯನ್ನು ಕೇಳಿಸಿದ್ದರು. ಸಂಘದ ಸಾಲಕ್ಕೆ ಹಾಕಿ ಎಂದು ಪಟ್ಟಿ ಹೇಳಿತ್ತು.

ಮಗಳು ಅವರ ಲೆಕ್ಕವನ್ನು ತೆರೆದು ನೋಡಿ ಸುಮ್ಮನಾದಳು. ಆಮೇಲೆ ಕೇಳಿದಳು: "ಕೈಸಾಲಕ್ಕೆ ತಿಂಗಳಿಗೆ ಬಡ್ಡಿ ಎಷ್ಟು ಕೊಡುತ್ತೀರಿ?"

"ಸಾವಿರದ ಆರುನೂರು ಅಮ್ಮಾ. ನೂರಕ್ಕೆ ಎರಡು ರೂಪಾಯಿ."

ಪಟ್ಟಿಯಲ್ಲಿ ಅದು ನೂರ ಮೂವತ್ತಮೂರು ರೂಪಾಯಿ ಎಂದಿತ್ತು. 'ಬಡ್ಡಿ ದರ' ಎಂದು ನಾನು ಬರೆದಿದ್ದ ಚೌಕದಲ್ಲಿ ಅವರು ತಮಗೆ ಗೊತ್ತಿದ್ದ ದರವನ್ನು ಬರೆದಿದ್ದರು: 2. ನಮ್ಮ ಕಡೆ ಕೈಸಾಲದ ಭಾಷೆಯಲ್ಲಿ ಎರಡು ರೂಪಾಯಿ ಬಡ್ಡಿಯೆಂದರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ ಇಪ್ಪತ್ತನಾಲ್ಕು. ಪಟ್ಟಿ ಅದನ್ನು ವರ್ಷಕ್ಕೆ ಎರಡೆಂದು ತಿಳಿಯಿತು. ಹನ್ನೊಂದಕ್ಕಿಂತ ಎರಡು ಚಿಕ್ಕದು. ಆದ್ದರಿಂದ ಆ ಸಾಲ ಕೊನೆಗಿರಲಿ ಎಂದು ತೀರ್ಪು ಕೊಟ್ಟಿತು. ಗಣಿತದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬಿಟ್ಟುಹೋದದ್ದು 'ವಾರ್ಷಿಕ' ಎಂಬ ಒಂದು ಪದ. ಅನಗತ್ಯವೆಂದು ನಾನೇ ಬಿಟ್ಟ ಪದ.

ಇದರಿಂದ ಅವರಿಗಾದ ನಷ್ಟವೆಷ್ಟು? ಸಾವಿರ ರೂಪಾಯಿಯನ್ನು ಹನ್ನೊಂದರ ಸಾಲಕ್ಕೆ ಹಾಕಿದರೆ ವರ್ಷಕ್ಕೆ 110 ರೂಪಾಯಿ ಬಡ್ಡಿ ಉಳಿಯುತ್ತದೆ. ಇಪ್ಪತ್ತನಾಲ್ಕರ ಸಾಲಕ್ಕೆ ಹಾಕಿದರೆ 240 ಉಳಿಯುತ್ತದೆ. ತಿಂಗಳಿಗೆ ಮೂರು ಸಾವಿರದಂತೆ ಇಪ್ಪತ್ತು ತಿಂಗಳು ಸೇರಿಸಿ ನೋಡಿದರೆ ಅಂತರ ಸುಮಾರು 6,000 ರೂಪಾಯಿ. ಎರಡು ತಿಂಗಳ ರಾತ್ರಿಗಳ ಕಾವಲಿನಲ್ಲಿ ಅವರು ಮಿಗಿಸಿದಷ್ಟು. ಅಷ್ಟೇ ಅಲ್ಲ. ಆ 60,000 ವನ್ನು ಕೈಸಾಲಕ್ಕೆ ಹಾಕಿದ್ದರೆ ಅದರ ಅಸಲು 20,000 ಕ್ಕೆ ಇಳಿದು, ತಿಂಗಳ ಬಡ್ಡಿ 1,600 ರಿಂದ 400 ಕ್ಕೆ ಬಂದಿರುತ್ತಿತ್ತು. ನಾನು ನಾಚಿಕೆಯಿಂದ ಇದನ್ನೆಲ್ಲ ಅವರಿಗೆ ಹೇಳಿದೆ. ನಷ್ಟವನ್ನು ನಾನೇ ತುಂಬಿಕೊಡುತ್ತೇನೆ ಎಂದೆ. ಅವರು ಒಪ್ಪಲಿಲ್ಲ. "ಸಂಘದ ಸಾಲವಾದರೂ ಇಳಿದಿದೆಯಲ್ಲ ಸಾರ್. ಕಟ್ಟಿದ ದುಡ್ಡು ಎಲ್ಲಿಗೆ ಹೋಗುತ್ತೆ?" ಎಂದರು. ಆಮೇಲೆ ಸ್ವಲ್ಪ ತಡೆದು, "ಆದರೆ ಇನ್ನೊಬ್ಬರಿಗೆ ಹೀಗಾಗದ ಹಾಗೆ ನೋಡಿಕೊಳ್ಳಿ" ಎಂದು ಸೇರಿಸಿದರು.

ಆ ರಾತ್ರಿ ನಾವಿಬ್ಬರೂ ಮತ್ತೆ ಕುಳಿತೆವು. 'ಬಡ್ಡಿ ದರ' ಎಂಬಲ್ಲಿ 'ವಾರ್ಷಿಕ ಬಡ್ಡಿ ದರ' ಎಂದು ತಿದ್ದಿದರೆ ಸಾಕಲ್ಲವೆ ಎಂದೆ. ಮಗಳು ಒಪ್ಪಲಿಲ್ಲ. "ಅಪ್ಪ, ವಾರ್ಷಿಕ ದರ ಅವರಿಗೆ ಗೊತ್ತಿದ್ದರೆ ತಾನೇ ಬರೆಯುವುದು? ಅವರಿಗೆ ಗೊತ್ತಿರುವುದನ್ನು ನಾವು ಕೇಳಬೇಕು. ವರ್ಷಕ್ಕೆ ಬದಲಾಯಿಸಿಕೊಳ್ಳುವ ಕೆಲಸ ನಮ್ಮದು" ಎಂದಳು. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನಿಗೆ ಅವಳು ಪಾಠ ಹೇಳಿದಳು.

ಯೋಚಿಸಿ ನೋಡಿದರೆ ನಮ್ಮ ನಾಡಿನಲ್ಲಿ ಬಡ್ಡಿ ಮೂರು ಭಾಷೆಗಳಲ್ಲಿ ಮಾತನಾಡುತ್ತದೆ. ಒಂದು, ಬ್ಯಾಂಕಿನ ಭಾಷೆ: ವರ್ಷಕ್ಕೆ ಶೇಕಡಾ ಇಷ್ಟು, ಉಳಿದ ಅಸಲಿನ ಮೇಲೆ. ಎರಡು, ಕೈಸಾಲದ ಭಾಷೆ: ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ. ಇದು ಹಳ್ಳಿಯ ಭಾಷೆಯೆಂದು ಪಟ್ಟಣದವರು ನಗಬೇಕಾಗಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಮೂರೂವರೆ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದುಂಟು. ವರ್ಷಕ್ಕೆ ಅದು ನಲವತ್ತೆರಡಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ನಯವಾದ ಭಾಷೆ. ಒಂದು ಲಕ್ಷ ರೂಪಾಯಿ, ಮೂರು ವರ್ಷ, ಶೇಕಡಾ 12 ರ 'ಫ್ಲಾಟ್' ಬಡ್ಡಿ ಎನ್ನುತ್ತಾರೆ. ಮೂರು ವರ್ಷಕ್ಕೆ ಬಡ್ಡಿ 36,000. ಒಟ್ಟು 1,36,000 ವನ್ನು 36 ರಿಂದ ಭಾಗಿಸಿ ತಿಂಗಳಿಗೆ 3,778 ರೂಪಾಯಿ ಕಟ್ಟಿ ಎನ್ನುತ್ತಾರೆ. ಎಷ್ಟು ಸರಳ! ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ ಲಕ್ಷಕ್ಕೇ ಬೀಳುತ್ತಿರುತ್ತದೆ. ಬ್ಯಾಂಕಿನ ಭಾಷೆಗೆ ಇದನ್ನು ಅನುವಾದಿಸಿದರೆ ದರ ಹನ್ನೆರಡಲ್ಲ, ಇಪ್ಪತ್ತೊಂದರ ಮೇಲೆ. ಅನುವಾದ ಮಾಡದೆ ಓದಿದರೆ ಅರ್ಥ ಅರ್ಧವೇ ಆಗುವ ಪಠ್ಯಗಳಲ್ಲಿ ಇದೂ ಒಂದು.

ಆದ್ದರಿಂದ ಹೊಸ ಪಟ್ಟಿಯಲ್ಲಿ ದರವನ್ನು ಕೇಳುವ ಮೊದಲು ಒಂದು ಪ್ರಶ್ನೆ ಇಟ್ಟೆವು: ನಿಮಗೆ ಸಾಲ ಕೊಟ್ಟವರು ಬಡ್ಡಿಯನ್ನು ಹೇಗೆ ಹೇಳಿದರು? ವರ್ಷಕ್ಕೆ ಶೇಕಡಾವೆಂದೋ, ನೂರಕ್ಕೆ ತಿಂಗಳಿಗೆ ರೂಪಾಯಿಯೆಂದೋ, ಅಥವಾ ಇಷ್ಟು ಕೊಟ್ಟು ತಿಂಗಳಿಗೆ ಇಷ್ಟರಂತೆ ಇಷ್ಟು ಕಂತು ಎಂದೋ? ಉತ್ತರ ಯಾವುದೇ ಇರಲಿ, ಕೆಳಗೆ ಒಂದು ವಾಕ್ಯ ಮೂಡುತ್ತದೆ: 'ಹಾಗಾದರೆ ಈ ತಿಂಗಳು ನೀವು ಕೊಡುವ ಬಡ್ಡಿ ಇಷ್ಟು ರೂಪಾಯಿ, ಸರಿಯೇ?' ಈ ವಾಕ್ಯ ಮೊದಲೇ ಇದ್ದಿದ್ದರೆ ನಮ್ಮ ಹಿರಿಯರು ನೂರ ಮೂವತ್ತಮೂರನ್ನು ಕಂಡೊಡನೆ ಅಲ್ಲವೆಂದು ಹೇಳಿಬಿಡುತ್ತಿದ್ದರು. ದರ ತಿಳಿಯದವರಿಗೂ ತಮ್ಮ ಜೇಬಿನಿಂದ ಹೋಗುವ ರೂಪಾಯಿ ತಿಳಿದೇ ಇರುತ್ತದೆ. 2024 ರ ಅಕ್ಟೋಬರ್ 1 ರಿಂದ, ಜನಸಾಮಾನ್ಯರಿಗೆ ಕೊಡುವ ಹೊಸ ಅವಧಿ ಸಾಲಗಳಿಗೆ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಮುಖ್ಯಾಂಶಗಳ ಒಂದು ಪತ್ರವನ್ನು ಕೊಡಬೇಕೆಂಬ ನಿಯಮ ಬಂದಿದೆ. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರಬೇಕು. ಪತ್ರವು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡಿಗರು ಅದನ್ನು ಕನ್ನಡದಲ್ಲಿ ಕೇಳಿ ಪಡೆಯುವುದು ಭಾಷಾಭಿಮಾನದ ಮಾತಷ್ಟೇ ಅಲ್ಲ, ಗೃಹಕೃತ್ಯದ ಮಾತೂ ಹೌದು.

ಯಾವ ಸಾಲವನ್ನು ಮೊದಲು ತೀರಿಸಬೇಕೆಂಬ ವಿಷಯದಲ್ಲಿಯೂ ಎರಡು ಮತಗಳಿವೆ. ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸು ಎಂಬುದು ಗಣಿತದ ಮತ. ಒಟ್ಟು ಬಡ್ಡಿ ಅದರಲ್ಲೇ ಕಡಿಮೆ. ಮೊತ್ತ ಚಿಕ್ಕದಿರುವುದನ್ನು ಮೊದಲು ಮುಗಿಸು ಎಂಬುದು ಇನ್ನೊಂದು ಮತ. ಪಾಶ್ಚಾತ್ಯರು ಇದಕ್ಕೆ ಹಿಮದುಂಡೆಯ ಹೆಸರಿಟ್ಟಿದ್ದಾರೆ: ಒಂದು ತೀರಿದರೆ ಅದರ ಕಂತು ಮುಂದಿನದಕ್ಕೆ ಸೇರಿ, ಉರುಳಿದಷ್ಟೂ ಉಂಡೆ ದಪ್ಪವಾಗುತ್ತದೆ. ಹಿಮ ಕಾಣದ ನಾವು ಕಳೆ ಕೀಳುವುದನ್ನು ನೆನೆಯಬಹುದು. ಗದ್ದೆಯ ಒಂದು ಮೂಲೆ ಚೊಕ್ಕಟವಾದರೆ ಮಿಕ್ಕದ್ದನ್ನು ಕೀಳುವ ಹುರುಪು ತಾನಾಗಿ ಬರುತ್ತದೆ. ಇದರಲ್ಲಿ ಕೆಲವು ನೂರು ರೂಪಾಯಿ ಹೆಚ್ಚು ಹೋಗಬಹುದು, ಕೆಲವೊಮ್ಮೆ ಸಾವಿರಗಳೇ ಹೋಗಬಹುದು. ಆದರೆ ನಡುವೆ ಕೈಬಿಡುವವನಿಗೆ ಗಣಿತದ ಮತದಿಂದ ಏನೂ ಪ್ರಯೋಜನವಿಲ್ಲ. ಹೊಸ ಪಟ್ಟಿ ಎರಡನ್ನೂ ತೋರಿಸಿ, ನಡುವಿನ ಅಂತರವನ್ನು ರೂಪಾಯಿಯಲ್ಲಿ ಹೇಳುತ್ತದೆ. ನಮ್ಮ ಹಿರಿಯರ ಲೆಕ್ಕದಲ್ಲಿ ಎರಡು ಮತಗಳೂ ಕೈಸಾಲವನ್ನೇ ತೋರಿಸಿದವು. ಅದೇ ದುಬಾರಿ, ಅದೇ ಚಿಕ್ಕದು.

ಕೊನೆಯ ತಿದ್ದುಪಡಿ ಖರ್ಚಿನ ಕಡೆಯದು; ಅದನ್ನು ಸೂಚಿಸಿದವಳು ನನ್ನ ಹೆಂಡತಿ. ತಿಂಗಳ ಖರ್ಚಿನ ಪಟ್ಟಿಯನ್ನು ನೋಡಿ, "ಇದರಲ್ಲಿ ಜೂನ್ ತಿಂಗಳೇ ಇಲ್ಲವಲ್ಲ" ಎಂದಳು. ಶಾಲೆಯ ಶುಲ್ಕ, ಗೌರಿಹಬ್ಬ, ಮನೆಯ ಕಂದಾಯ, ವಿಮೆಯ ಹಣ, ನೆಂಟರ ಮದುವೆಯ ಮುಯ್ಯಿ. ಇವು ತಿಂಗಳಿಗೊಮ್ಮೆ ಬರುವುದಿಲ್ಲ, ಆದರೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತವೆ. ಪಟ್ಟಿಯಲ್ಲಿ ಅವಕ್ಕೆ ಜಾಗವಿರಲಿಲ್ಲವಾದ್ದರಿಂದ ಪ್ರತಿ ತಿಂಗಳೂ ಮಿಗತೆ ಹೆಚ್ಚೆಂದು ತೋರುತ್ತಿತ್ತು. ಆ ಭರವಸೆಯ ಮೇಲೆ ಕಂತು ಏರಿಸಿಕೊಂಡವರು ಜೂನಿನಲ್ಲಿ ಹೊಸ ಕೈಸಾಲಕ್ಕೆ ಹೋಗುತ್ತಿದ್ದರು. ಈಗ ಅಂಥ ಖರ್ಚುಗಳನ್ನು ಕೇಳಿ, ಹನ್ನೆರಡರಿಂದ ಭಾಗಿಸಿ, ತಿಂಗಳ ಲೆಕ್ಕಕ್ಕೆ ಸೇರಿಸುತ್ತದೆ. ಮಿಗತೆ ಚಿಕ್ಕದಾಯಿತು, ನಿಜವೂ ಆಯಿತು.

ನಮ್ಮ ಹಿಂದಿನವರು ಲೆಕ್ಕವನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುವುದು. ಶೃಂಗೇರಿ ಮಠದ ಕಡತಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದವು. ಆ ಕಡತದ ಗುಣವೆಂದರೆ, ಬರೆದದ್ದನ್ನು ಸ್ಲೇಟಿನಂತೆ ಅಳಿಸಿ ತಿದ್ದಿ ಬರೆಯಬಹುದಾಗಿತ್ತು. ಲೆಕ್ಕವೆಂದರೆ ತಿದ್ದುತ್ತಿರಬೇಕಾದ ಬರವಣಿಗೆ ಎಂಬುದನ್ನು ಆ ಬಟ್ಟೆಯೇ ಹೇಳುತ್ತಿತ್ತು. ಇಂದಿನ ಪರದೆಯ ಮೇಲಿನ ಲೆಕ್ಕ ಅಚ್ಚುಕಟ್ಟಾಗಿ, ಎಂದೋ ಯಾರೋ ತೀರ್ಮಾನಿಸಿದಂತೆ ಕಾಣುತ್ತದೆ. ಅದರ ಅಪಾಯ ಅಲ್ಲಿಯೇ ಇದೆ. ಆದ್ದರಿಂದ ಹೊಸ ಪಟ್ಟಿಯ ತಲೆಯ ಮೇಲೆ ಒಂದು ಸಾಲು ಬರೆಸಿದ್ದೇನೆ: 'ಈ ಪಟ್ಟಿಯನ್ನು ಕೊನೆಯ ಸಲ ತಿದ್ದಿದ ದಿನಾಂಕ'. ಮೂರು ತಿಂಗಳಿಗೊಮ್ಮೆ ಮಗಳು ಅಂಕಿಗಳನ್ನು ನೋಡುತ್ತಾಳೆ, ನಾನು ಪದಗಳನ್ನು ನೋಡುತ್ತೇನೆ. ಹೊಸದಾಗಿ ಯಾವ ಪದವನ್ನು ಬರೆದರೂ, ಮೊದಲು ಅದನ್ನು ಆ ಅಟೆಂಡರಿಗೆ ಓದಿ ಹೇಳಿ, ಇದರಿಂದ ನಿಮಗೇನು ತಿಳಿಯಿತು ಎಂದು ಕೇಳುವುದನ್ನು ರೂಢಿಮಾಡಿಕೊಂಡಿದ್ದೇನೆ.

ಅವರ ಕೈಸಾಲ 2025 ರ ಯುಗಾದಿಗೆ ಮುಂಚೆ ತೀರಿತು. ಬೇವುಬೆಲ್ಲಕ್ಕೆ ಬಂದವರು ಪತ್ರವನ್ನು ಹರಿದುಹಾಕಿದ ಸುದ್ದಿ ಹೇಳಿ, ಜೇಬಿನಿಂದ ಒಂದು ಚೀಟಿ ತೆಗೆದರು. ಸಂಘದ ಸಾಲದ ಬಾಕಿಯನ್ನು ಅದರಲ್ಲಿ ಬರೆದುಕೊಂಡು ಬಂದಿದ್ದರು. ಬಾಕಿಯ ಮುಂದೆ, ಯಾರೂ ಹೇಳಿಕೊಡದಿದ್ದರೂ, ತಮ್ಮ ಗುಂಡಗಿನ ಅಕ್ಷರಗಳಲ್ಲಿ ಬರೆದಿದ್ದರು: 'ಬಡ್ಡಿ 11, ವರ್ಷಕ್ಕೆ'.